ಬಣವಿ ಕೆಳಗಿನ ಮೊಟ್ಟೆಗಳ ಬಗ್ಗೆ, ಮಗಳಿಗೆ

ನನ್ನವ್ವಾ,

ನಿನ್ನೆ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಊರಲ್ಲಿ ಮಾಮ ಜೋಳದ ಕಣಕಿ ಬಣವಿ ತೆಗೆಯುವಾಗ ತಳದಲ್ಲಿ ಹಾವಿನ ಮೊಟ್ಟೆ ಸಿಕ್ಕವು ಅಂದಾಗ ನೀನು, "ಇನ್ನೂ ಮೊಟ್ಟೆ ತಾನೇ ಅವ್ವಾ, ಈಗಲೇ ಒಡೆದು ಹಾಕಿದರೆ ಮುಗೀತಲ್ಲ" ಅಂದುಬಿಟ್ಟೆ. ಆ ಮಾತು ನನಗೆ ಕಾಡುತ್ತಲೇ ಇದೆ.

ಕೋಳಿಮೊಟ್ಟೆ ನೋಡಿ ನೋಡಿ ನಮಗೆ ಹಾಗನಿಸುತ್ತದೆ. ಕೋಳಿ ಮೊಟ್ಟೆ ಇಟ್ಟಾಗ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಅಷ್ಟೇ ಇರುತ್ತದೆ, ಕಾವು ಸಿಗುವವರೆಗೂ ಅದು ಸುಮ್ನೆ ಕಾಯುತ್ತದೆ. ಹಾವಿನದು ಬೇರೆ. ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಕೆಲವು ವಾರ ಉಳಿದು, ಹೊರಗೆ ಬರುವ ಹೊತ್ತಿಗೆ ಬೆಳವಣಿಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮುಗಿದಿರುತ್ತದೆ. ದೊಡ್ಡ ತಲೆ, ಕಣ್ಣು, ಸುರುಳಿ ಸುತ್ತಿದ ಸಣ್ಣ ಮೈ, ಬಡಿಯುವ ಹೃದಯ. ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಒಳಗೆಲ್ಲ ಗುಲಾಬಿ ಬಣ್ಣ, ಅದರಲ್ಲಿ ಕವಲೊಡೆದ ಕೆಂಪು ರಕ್ತನಾಳಗಳು ಕಾಣುತ್ತವೆ. ಮಾಮನ ಕೈಗೆ ಸಿಕ್ಕಿದ್ದು ಅದು.

ಆ ಉದ್ದನೆಯ ಬೆನ್ನು ಹೇಗಾಗುತ್ತದೆ ಗೊತ್ತಾ? ನಮ್ಮೆಲ್ಲರ ಬೆನ್ನೆಲುಬೂ ಭ್ರೂಣದಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ಶುರುವಾಗುತ್ತದೆ, ಹೂವಾಡಗಿತ್ತಿ ಮಲ್ಲಿಗೆ ಕಟ್ಟಿದ ಹಾಗೆ ತಲೆಯ ಕಡೆಯಿಂದ ಬಾಲದ ಕಡೆಗೆ ಒಂದಾದ ಮೇಲೊಂದು. 2008ರಲ್ಲಿ ಓಲಿವಿಯೆ ಪೂರ್ಕಿಯೆ ಅನ್ನುವ ವಿಜ್ಞಾನಿಯ ತಂಡ ಇದನ್ನು ಎಣಿಸಿ ನೋಡಿತು. ಇಲಿಯಲ್ಲಿ 65, ಅಮೆರಿಕದ ಕಾರ್ನ್ ಸ್ನೇಕ್ ಹಾವಿನಲ್ಲಿ 315! ಭ್ರೂಣದೊಳಗೆ ಈ ತುಣುಕು ಕತ್ತರಿಸುವ ಒಂದು ಗಡಿಯಾರ ಇದೆ, ಮೈ ಬೆಳೆಯುವ ವೇಗಕ್ಕೆ ಹೋಲಿಸಿದರೆ ಹಾವಿನಲ್ಲಿ ಅದು ತುಂಬಾ ಬೇಗ ಬೇಗ ಓಡುತ್ತದೆ, ಹಾಗಾಗಿ ತುಣುಕು ಚಿಕ್ಕವು, ಲೆಕ್ಕ ಜಾಸ್ತಿ.

ಕಾಲಿನ ಕಥೆ ನನಗೆ ಇನ್ನೂ ಇಷ್ಟ. ಹೆಬ್ಬಾವಿನ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ನಿಜವಾಗಿಯೂ ಮೂಡುತ್ತದೆ, ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ದೊಡ್ಡ ಹೆಬ್ಬಾವಿನ ಬಾಲದ ಬುಡದಲ್ಲಿ ಇವತ್ತಿಗೂ ಎರಡು ಸಣ್ಣ ಉಗುರು ಇರುವುದು ಅದರ ಗುರುತು. ಕಾಲು ಬೆಳೆಸುವ ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕೊಂದು ಹಾವುಗಳಲ್ಲಿ ಕೆಟ್ಟುಹೋಗಿದೆ. 2016ರಲ್ಲಿ ಇಲಿಯ ಅದೇ ತುಣುಕನ್ನು ತೆಗೆದು, ಆ ಜಾಗಕ್ಕೆ ಹಾವಿನದನ್ನು ಹಾಕಿ ನೋಡಿದರು, ಮರಿಗಳಿಗೆ ಕಾಲಿನ ಜಾಗದಲ್ಲಿ ಮೋಟು ಅಷ್ಟೇ ಬಂತು.

ಸಿಪ್ಪೆ ಮುಟ್ಟಿದರೆ ಮೆತ್ತಗೆ ಇರುತ್ತದೆ, ತೊಗಲಿನ ಹಾಗೆ. ಸುತ್ತಲಿನ ಮಣ್ಣಿನ ತೇವ ಹೀರಿಕೊಂಡು ಮೊಟ್ಟೆ ಉಬ್ಬುತ್ತದೆ, ತೇವ ಆರಿದರೆ ಕುಗ್ಗುತ್ತದೆ. ನಮ್ಮ ಕಲಬುರಗಿಯ ಬಿಸಿಲು ನಿನಗೆ ಗೊತ್ತು, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿರುತ್ತದೆ. ಬಿಸಿ ಅತಿಯಾದರೆ ಮರಿಯ ಬೆನ್ನು ಸೊಟ್ಟಗಾಗುತ್ತದೆ ಅಥವಾ ಒಳಗೇ ಸಾಯುತ್ತದೆ. ಅದಕ್ಕೇ ತಾಯಿ ಹುಡುಕಿ ಹುಡುಕಿ ಹುತ್ತ, ಇಲಿ ಬಿಲ, ಬಣವಿಯ ತಳ, ಇಂಥ ಕಡೆ ಇಡುತ್ತಾಳೆ.

ಮತ್ತೆ, ಕೋಳಿ ತನ್ನ ಮೊಟ್ಟೆಯನ್ನು ದಿನಾ ಹೊರಳಿಸುತ್ತದೆ ಅಲ್ವಾ, ಹಾವಿನ ಮೊಟ್ಟೆಯನ್ನು ಹಾಗೆ ಹೊರಳಿಸಬಾರದು. ಕೋಳಿಮೊಟ್ಟೆಯಲ್ಲಿ ಹಳದಿಯನ್ನು ಹಿಡಿದಿಡುವ ಬಿಳಿ ಎಳೆಗಳು ಇಲ್ಲಿ ಇಲ್ಲ. ಭ್ರೂಣ ತನ್ನ ಪೊರೆಗಳ ಜೊತೆ ಮೇಲ್ಭಾಗದ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಉಸಿರಾಟವೂ ಆ ಪೊರೆಯಿಂದಲೇ. ತಲೆಕೆಳಗು ಮಾಡಿದರೆ ಪೊರೆ ಹರಿದು ಮರಿ ಸಾಯಬಹುದು. ಮೊಟ್ಟೆ ಸಾಗಿಸಲೇಬೇಕಾದಾಗ ತಿಳಿದವರು ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳುವುದು ಇದಕ್ಕೇ.

ಇನ್ನೊಂದು ವಿಷಯ. ಮೊಸಳೆಯಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದನ್ನು ಶಾಖ ತೀರ್ಮಾನಿಸಿದರೆ, ನಾಗರದಲ್ಲಿ ತಾಯಿಯ ಕ್ರೋಮೋಸೋಮ್. ಮನುಷ್ಯರಲ್ಲಿ ತಂದೆಯದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವವರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ, ಅವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಕೊನೆಯ ವಾರಗಳಲ್ಲಿ ಹುರುಪೆ ಮೂಡುತ್ತದೆ, ಬಣ್ಣ ಬರುತ್ತದೆ, ಉಳಿದ ಹಳದಿ ಮರಿಯ ಹೊಟ್ಟೆಯೊಳಗೆ ಸೇರುತ್ತದೆ. ಬಾಯಿಯ ತುದಿಯಲ್ಲಿ ಒಂದೇ ಒಂದು ಹಲ್ಲು, ಅದರಿಂದ ಸಿಪ್ಪೆಯನ್ನು ಕೊಯ್ದು ಮೂತಿ ಹೊರಗೆ ಹಾಕಿ, ಒಂದು ದಿನ, ಕೆಲವೊಮ್ಮೆ ಎರಡು ದಿನ ಹಾಗೇ ಕೂತಿರುತ್ತದೆ. ಆ ಹಲ್ಲು ಆಮೇಲೆ ಉದುರಿಹೋಗುತ್ತದೆ. ಕ್ಯಾರಿ ಹಾವಾಗಲಿ ನಾಗರವಾಗಲಿ ಮೊಟ್ಟೆ ಇಟ್ಟು ಮರಿಯಾಗಲು ಸುಮಾರು ಎರಡು ತಿಂಗಳು. ಕೊಳಕುಮಂಡಲ ಮೊಟ್ಟೆಯನ್ನೇ ಇಡುವುದಿಲ್ಲ, ನೇರ ಮರಿ ಹಾಕುತ್ತದೆ, ಹಾಗಾಗಿ ಇವು ಅದರವಂತೂ ಅಲ್ಲ.

ಮಾಮನಿಗೆ ನಾನು ಹೇಳಿದ್ದೇನೆ, ನೀನೂ ಒಂದು ಸಲ ಫೋನ್ ಮಾಡು, ನಿನ್ನ ಮಾತು ಜಾಸ್ತಿ ಕೇಳುತ್ತಾನೆ. ಉಳಿದ ಕಣಕಿಯನ್ನು ಮೊಟ್ಟೆ ಇದ್ದ ಜಾಗದ ಮೇಲೆ ಹಾಗೇ ಮುಚ್ಚಿ, ಅರಣ್ಯ ಇಲಾಖೆಯವರಿಗೆ ತಿಳಿಸಲಿ. ನಾಗರವಾಗಿದ್ದರೆ ತಾಯಿ ಹತ್ತಿರದಲ್ಲೇ ಇರಬಹುದು, ಕೈ ಹಾಕುವುದು ಬೇಡ. ನೀನು ಪಂಚಮಿಗೆ ಉಂಡಿ ತಿನ್ನಲು ಬಂದಾಗ ಮರಿಗಳು ಹೊರಬಿದ್ದಿರುವ ಕಾಲ. ನಾಗರದ ಮರಿಗೆ ಹುಟ್ಟಿದ ದಿನವೇ ವಿಷ ಇರುತ್ತದೆ, ಹಿತ್ತಲಿಗೆ ಹೋಗುವಾಗ ಬೂಟು ಹಾಕ್ಕೊ, ಟಾರ್ಚ್ ಹಿಡ್ಕೊ.

ನಿನ್ನ ಅವ್ವ