ಮಕ್ಕಳ ರಾಗಿಯ ಮೇಲೆ ಶಾಮಿಯಾನ

ಮಾನ್ಯರೇ,

ನಮ್ಮೂರ ಹೈಸ್ಕೂಲು ಮೈದಾನದ ಸಮಾರಂಭದ ವರದಿ, ಫೋಟೊ ಎರಡೂ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿವೆ. ವೇದಿಕೆ ಹಾಕಿದ್ದು ಎಲ್ಲಿ ಎಂಬುದು ಮಾತ್ರ ಬಂದಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳು ಬೆಳೆದಿದ್ದ ಐದು ಗುಂಟೆ ಗುಳಿರಾಗಿಯ ಮೇಲೆ. ತೆನೆ ಹಾಲುಗಟ್ಟುತ್ತಿತ್ತು. ಹಿಂದಿನ ರಾತ್ರಿ ಜೆಸಿಬಿ ತಂದು ಮಟ್ಟ ಮಾಡಿಬಿಟ್ಟರು.

ಒಂದೂವರೆ ಅಡಿಗೊಂದು ಗುಳಿ, ಗುಳಿಗೊಂದು ಹಿಡಿ ಕೊಟ್ಟಿಗೆ ಗೊಬ್ಬರ, ಎರಡೆರಡು ಪೈರು. ಹೆಚ್ಚು ತೆಂಡೆ (ಬುಡದ ಕವಲು) ಒಡೆಯಲೆಂದು ನೆಟ್ಟ ಪೈರಿನ ಮೇಲೆ ಮರದ ಕೊರಡು ಎಳೆದಾಗ ಎಲ್ಲ ಮುರಿದುಹೋಯಿತೆಂದು ಹುಡುಗಿಯರು ಅಳುವಂತಾಗಿದ್ದರು. ಆಮೇಲೆ ಬುಡದಲ್ಲಿ ಒಡೆದ ತೆಂಡೆಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರೂ ಅವರೇ. ಯಾವ ಪಾಠದಿಂದ ಇದು ಬರುತ್ತದೆ? ಬೆಳೆಗೆ ಹಾಕುವ ದ್ರವಗೊಬ್ಬರ ಜೀವಾಮೃತದ 200 ಲೀಟರ್ ಡ್ರಮ್ಮು ನನ್ನದು. 10 ಕೆ.ಜಿ. ನಾಟಿ ಹಸುವಿನ ಸಗಣಿಯನ್ನು ಬೈಕಿಗೆ ಕಟ್ಟಿಕೊಂಡು ಹೋಗುತ್ತಿದ್ದವನು ನಾನು. ಬೆಲ್ಲ, ಕಡಲೆಹಿಟ್ಟು ಮಕ್ಕಳು ಮನೆಯಿಂದ ತಂದರು. ನೆರಳಲ್ಲಿಟ್ಟು ಎರಡು ದಿನ ಕದಡಿದರು. ಇದಕ್ಕೆಂದು ನನ್ನ ಹೊಲದ ಕಳೆ ಕೆಲಸವನ್ನೇ ಎಷ್ಟೋ ದಿನ ಬಿಟ್ಟಿದ್ದೇನೆ, ಮನೆಯಲ್ಲಿ ಬೈಸಿಕೊಂಡಿದ್ದೇನೆ. ಈಗ ಡ್ರಮ್ಮೂ ಒಡೆದಿದೆ. ಮಗಳು ಎರಡು ದಿನದಿಂದ ಶಾಲೆಗೆ ಹೋಗುವುದಿಲ್ಲ ಎನ್ನುತ್ತಿದ್ದಾಳೆ.

ಅದೇ ವೇದಿಕೆಯಲ್ಲಿ ನಿಂತು ಹುಡುಗರು ಕೃಷಿಗೆ ಬರುತ್ತಿಲ್ಲ ಎಂದು ಭಾಷಣ ಮಾಡಿದರಲ್ಲ, ಕಾಲಡಿ ಏನಿತ್ತು ಎಂದು ಒಬ್ಬರಾದರೂ ಬಗ್ಗಿ ನೋಡಿದರೇ? ರಾಜ್ಯದಲ್ಲಿ ಸಾವಯವ ಕೃಷಿ ನೀತಿ ಬಂದಿದ್ದು 2004ರಲ್ಲಿ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಿ ಎಂದು 2019ರಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಕೊಟ್ಟಿದೆ. ಕಾಗದ ಓದುವ ವ್ಯವಧಾನ ಈ ಅಧಿಕಾರಿಗಳಿಗೆ ಯಾವತ್ತು ಇತ್ತು? ನನ್ನ ಹೊಲದ ಮಣ್ಣಿನ ಮಾದರಿ ತೆಗೆದುಕೊಂಡು ಹೋಗಿ ಮೂರು ವರ್ಷವಾಯಿತು, ಮಣ್ಣಿನ ಆರೋಗ್ಯ ಕಾರ್ಡು ಬಂದಿಲ್ಲ. ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಿದ್ದಿಸಲು ಹನ್ನೊಂದು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದ್ದೇನೆ. ಶಾಲೆ ಮುಂದಿನ ಚರಂಡಿ ಕಟ್ಟಿ ಎಂದು ಕೊಟ್ಟ ಅರ್ಜಿ ಎಲ್ಲಿದೆಯೋ. ಜೆಸಿಬಿಗೆ ಮಾತ್ರ ಒಂದೇ ರಾತ್ರಿಯಲ್ಲಿ ಎಲ್ಲ ಒಪ್ಪಿಗೆಯೂ ಸಿಕ್ಕಿತು.

ಬೆಳೆ ಹಾಳು ಮಾಡಿದವರ ಮೇಲೆ ಕ್ರಮ ಆಗಬೇಕು. ಡ್ರಮ್ಮಿನ ದುಡ್ಡು ಕೊಡಬೇಕು. ದುಡ್ಡು ಬೇಡ, ಆ ಮಕ್ಕಳ ಮುಂದೆ ನಿಂತು ತಪ್ಪಾಯಿತು ಎನ್ನಲಿ ಸಾಕು. ಅದೂ ಆಗದಿದ್ದರೆ ಇನ್ನು ಮೇಲೆ ನಮ್ಮ ಶಾಲೆಯ ಗೇಟಿನೊಳಗೆ ಕಾಲಿಡಬೇಡಿ.

– ನೊಂದ ಪೋಷಕ, ತುಮಕೂರು ಜಿಲ್ಲೆ