ಮ್ಯೂಆನ್ ಸುದ್ದಿ ಬಂತು, ಟೌ ಸುದ್ದಿ ಎಲ್ಲಿ?

ಮಾನ್ಯ ಸಂಪಾದಕರೇ,

2021ರ ಏಪ್ರಿಲ್‌ನಲ್ಲಿ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಿಂದ ಮ್ಯೂಆನ್ ಕಣದ (ಎಲೆಕ್ಟ್ರಾನಿಗಿಂತ ಭಾರದ ಬಂಧು) ಅಯಸ್ಕಾಂತ ಬಲದ ಅಳತೆ ಬಂದಾಗ ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲ ಕಡೆಯೂ ಭೌತವಿಜ್ಞಾನದ ಬುಡವೇ ಅಲುಗಾಡಿತು ಅನ್ನೋ ಧಾಟಿಯ ಸುದ್ದಿ. ಸಿದ್ಧಾಂತದ ಲೆಕ್ಕಕ್ಕೂ ಅಳತೆಗೂ 4.2 ಸಿಗ್ಮಾ ವ್ಯತ್ಯಾಸ (ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕ ಅನ್ನೋ ಸಾಧ್ಯತೆ ಕಡಿಮೆ) ಅಂದರೆ ಸುಮ್ನೆ ಅಲ್ಲ, ಒಪ್ಪುತ್ತೇನೆ. ಆದರೆ 2025ರ ಜೂನ್‌ನಲ್ಲಿ ಅದೇ ಪ್ರಯೋಗದ ಕೊನೆಯ ಫಲಿತಾಂಶ ಬಂತು. ನೂರು ಕೋಟಿಗೆ 127 ಪಾಲಿನಷ್ಟು ನಿಖರ. ಅಷ್ಟು ಹೊತ್ತಿಗೆ ಸಿದ್ಧಾಂತದ ಲೆಕ್ಕವೇ ಬದಲಾಗಿತ್ತು, ಎರಡೂ ಹೊಂದಿಕೊಂಡವು. ಇದನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ನನಗೆ ಬೇಜಾರು ಇನ್ನೊಂದು. ಆ ವ್ಯತ್ಯಾಸವನ್ನು ಪೂರ್ತಿ ನಂಬಬೇಡಿ ಅಂತ ಟೌ ಕಣ ಮೊದಲಿನಿಂದಲೂ ಹೇಳುತ್ತಲೇ ಇತ್ತು.

ಟೌ ಅಂದರೆ ಎಲೆಕ್ಟ್ರಾನ್, ಮ್ಯೂಆನ್‌ಗಳ ದಪ್ಪ ಅಣ್ಣ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಟಿನ್ ಪರ್ಲ್ ತಂಡ 1975ರಲ್ಲಿ ಹುಡುಕಿತು, 20 ವರ್ಷದ ಮೇಲೆ ಅವರಿಗೆ ನೊಬೆಲ್ ಬಂತು. ತೂಕ ಪ್ರೋಟಾನಿನ ಹತ್ತಿರ ಹತ್ತಿರ ಎರಡರಷ್ಟು. ಆಯಸ್ಸು ಮಾತ್ರ ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲೊಂದು ಚೂರಿನ ಮೂರನೇ ಒಂದು ಭಾಗವೂ ಇಲ್ಲ. ಅಷ್ಟು ತೂಕ ಇರೋದರಿಂದಲೇ ಅದು ಒಡೆದಾಗ (ಇದಕ್ಕೇ ಕ್ಷಯ ಅನ್ನೋದು) ಪಯಾನ್ ಅನ್ನೋ ಬೇರೆ ಬಗೆಯ ಕಣಗಳು ಹುಟ್ಟಬಹುದು, ತಮ್ಮಂದಿರಿಗೆ ಆ ತಾಕತ್ತಿಲ್ಲ. ನೂರು ಟೌ ಒಡೆದರೆ ಸುಮಾರು 25 ಸಲ ಸಿಗೋದು ಒಂದು ವಿದ್ಯುತ್ ಇರುವ ಪಯಾನ್, ಒಂದು ಇಲ್ಲದ ಪಯಾನ್, ಜೊತೆಗೆ ಕೈಗೆ ಸಿಗದ ನ್ಯೂಟ್ರಿನೊ.

ಇದಕ್ಕೂ ಮ್ಯೂಆನ್‌ಗೂ ಏನು ಸಂಬಂಧ ಅಂತೀರಾ? ಮ್ಯೂಆನ್ ಒಂದು ಪುಟ್ಟ ಅಯಸ್ಕಾಂತ. ಅದರ ಬಲವನ್ನು ಲೆಕ್ಕ ಹಾಕುವಾಗ, ಸುತ್ತಲಿನ ಖಾಲಿ ಜಾಗದಲ್ಲಿ ಕ್ಷಣಕಾಲ ಮೂಡಿ ಮರೆಯಾಗುವ ಪಯಾನ್ ಜೋಡಿಗಳ ಪಾಲನ್ನೂ ಸೇರಿಸಬೇಕು. ಕಾಗದದ ಮೇಲೆ ಅದು ಬಗೆಹರಿಯಲ್ಲ. ಹಾಗಾಗಿ ಎಲೆಕ್ಟ್ರಾನಿಗೂ ಅದರ ಪ್ರತಿಕಣ ಪಾಸಿಟ್ರಾನಿಗೂ ಆಗುವ ಡಿಕ್ಕಿಯಲ್ಲಿ ಎಷ್ಟು ಪಯಾನ್ ಜೋಡಿ ಬರುತ್ತವೆ ಅಂತ ಅಳೆದು ಆ ಅಂಕಿಯನ್ನು ಕಡ ತರುತ್ತಿದ್ದರು. ಅದೇ ಅಂಕಿಯನ್ನು ಟೌ ಕ್ಷಯದಿಂದಲೂ ತೆಗೆಯಬಹುದು. 2010ರಲ್ಲಿ ಒಂದು ತಂಡ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿತ್ತು: ಡಿಕ್ಕಿಯ ದಾರಿಯಲ್ಲಿ ವ್ಯತ್ಯಾಸ 3.6 ಸಿಗ್ಮಾ, ಟೌ ದಾರಿಯಲ್ಲಿ 2.4 ಮಾತ್ರ!

ಹಾಗಂತ ಟೌ ಗೆದ್ದುಬಿಟ್ಟಿತು ಅಂತಲ್ಲ. ವಿದ್ಯುತ್ ಇರುವ, ಇಲ್ಲದ ಪಯಾನ್‌ಗಳ ತೂಕದಲ್ಲಿ ಸಣ್ಣ ವ್ಯತ್ಯಾಸ ಇದೆ, ಇನ್ನೂ ಕೆಲವು ತಿದ್ದುಪಡಿಗಳು ಬೇಕು, ಅವು ಗಟ್ಟಿಯಿಲ್ಲ ಅಂತಲೇ 2020ರ ಸಿದ್ಧಾಂತದ ಲೆಕ್ಕದಲ್ಲಿ ಟೌ ಅಂಕಿಗಳನ್ನು ಪಕ್ಕಕ್ಕಿಟ್ಟರು. ಅಳತೆಯೂ ಸುಲಭದ್ದಲ್ಲ. ವಿದ್ಯುತ್ ಇಲ್ಲದ ಪಯಾನ್ ಹುಟ್ಟಿದ ತಕ್ಷಣ ಎರಡು ಬೆಳಕಿನ ಕಣಗಳಾಗಿ ಹೋಗುತ್ತದೆ, ಎರಡನ್ನೂ ಹಿಡಿಯಬೇಕು. ಜಪಾನಿನ ಬೆಲ್ ಪ್ರಯೋಗ 2008ರಲ್ಲಿ ಇಂಥ 54 ಲಕ್ಷ ಕ್ಷಯಗಳನ್ನು ಆರಿಸಿ, ಒಟ್ಟು ಟೌ ಕ್ಷಯಗಳಲ್ಲಿ ಇವುಗಳ ಪಾಲು 25.24 ಶೇಕಡಾ ಅಂದಿತು. ಎಣಿಕೆಯಿಂದ ಬಂದ ಅನಿಶ್ಚಿತತೆ ಬರೀ 0.01. ಉಪಕರಣ, ವಿಧಾನದಿಂದ ಬಂದದ್ದು 0.39. ಇನ್ನೂ ಕೋಟಿ ಟೌ ತಂದು ಸುರಿದರೂ ಈ ಎರಡನೆಯದು ತಾನಾಗಿ ಇಳಿಯಲ್ಲ, ಅಲ್ವಾ? ನನ್ನ ಪ್ರಕಾರ ಇಡೀ ಕಥೆಯಲ್ಲಿ ಓದುಗರಿಗೆ ಹೇಳಬೇಕಾದ ಸ್ವಾರಸ್ಯ ಇದೇ.

ಆಮೇಲೆ 2023ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನ ಸಿಎಂಡಿ-3 ಪ್ರಯೋಗ ಹಳೆಯ ಡಿಕ್ಕಿ ಅಳತೆಗಳಿಗಿಂತ ಜಾಸ್ತಿ ಪಯಾನ್ ಕಂಡಿತು. ಡಿಕ್ಕಿಯವರಲ್ಲೇ ಜಗಳ! ಕೊನೆಗೆ 2025ರಲ್ಲಿ ಆ ಪಾಲನ್ನು ಸೂಪರ್‌ಕಂಪ್ಯೂಟರ್ ಲೆಕ್ಕದಿಂದಲೇ ತೆಗೆದುಕೊಂಡರು. ಅದರ ಅನಿಶ್ಚಿತತೆ ಹಳೆಯ ಲೆಕ್ಕದ್ದಕ್ಕಿಂತ ದೊಡ್ಡದು. ಅಂದರೆ ಪಯಾನ್ ತಕರಾರು ಇನ್ನೂ ಬಗೆಹರಿದಿಲ್ಲ.

1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಕೊಟ್ಟಿದ್ದು ಮ್ಯೂಆನ್‌ಗಳೇ, ಹಾಗಾಗಿ ಈ ವಿಷಯ ಕನ್ನಡ ಓದುಗರಿಗೆ ತೀರಾ ದೂರದ್ದು ಅಂತ ಬಿಟ್ಟುಬಿಡಬೇಡಿ. ಜಪಾನಿನ ತ್ಸುಕುಬಾದಲ್ಲಿ ಈಗ ಬೆಲ್-2 ನಡೆಯುತ್ತಿದೆ, ಅದರೊಳಗಿನ ಸಿಲಿಕಾನ್ ಪತ್ತೆಯಂತ್ರದ ಒಂದು ಪದರ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಕೆಲಸ. ನಿಮ್ಮ ವಿಜ್ಞಾನ ಪುಟದವರು ಅವರಿಗೊಂದು ಫೋನ್ ಮಾಡಲಿ. ಬರೆಯುವಾಗ ಆ 0.39ನ್ನೂ ದಯವಿಟ್ಟು ಅಚ್ಚು ಹಾಕಿ.

— ಒಬ್ಬ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ತುಮಕೂರು