ಮೀನಿಗೂ ದಾರಿ ಬಿಟ್ಟ ಅಣೆಕಟ್ಟು

ಪ್ರೀತಿಯ ಗಣಪತಿ,

ಅಣೆಕಟ್ಟೊಂದನ್ನು ನೋಡಿ ಬಂದೆ. ಅದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ ಮಾರಾಯ? ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಎಲ್ಲ ಕಳಕೊಂಡ ಮನೆಯಲ್ಲಿ ಹುಟ್ಟಿದವನು ನೀನು. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಆ ಹಿನ್ನೀರಿನ ಕರೂರು, ತುಮರಿ ಕಡೆಯವರು ಯಾರಾದರೂ ಓದಲಿ ಅನ್ನುವ ಆಸೆ.

ಊರಿನ ಹೆಸರು ಪಿಟ್ಲಾಕ್ರಿ. ಎಡಿನ್‌ಬರೋದಿಂದ ಉತ್ತರಕ್ಕೆ ರೈಲಿನಲ್ಲಿ ಎರಡು ಗಂಟೆ ದಾರಿ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಶುರುವಾಗುವ ಜಾಗ ಅದು. ಊರ ಪಕ್ಕದಲ್ಲೇ ಟಮಲ್ ನದಿ, ಅದಕ್ಕೊಂದು ಅಣೆಕಟ್ಟು. ಲಿಂಗನಮಕ್ಕಿ ನೋಡಿದವರಿಗೆ ಇದು ಹಳ್ಳಕ್ಕೆ ಹಾಕಿದ ಒಡ್ಡಿನ ಹಾಗೆ ಕಂಡೀತು. ಎತ್ತರ ಹದಿನಾರು ಮೀಟರ್ ಚಿಲ್ಲರೆ, ಉದ್ದ 145 ಮೀಟರ್. ಎರಡು ಟರ್ಬೈನ್ ಸೇರಿ 15 ಮೆಗಾವ್ಯಾಟ್. ನಮ್ಮ ಶರಾವತಿ ಪವರ್ ಹೌಸಿನ ಒಂದೊಂದು ಯೂನಿಟ್ಟೇ 103.5 ಮೆಗಾವ್ಯಾಟ್, ಅಂಥವು ಹತ್ತು ಇವೆ. ಆದರೆ ಒಂದು ವಿಷಯದಲ್ಲಿ ಎರಡೂ ಕಡೆಯ ಲೆಕ್ಕಾಚಾರ ಒಂದೇ. ನಮ್ಮಲ್ಲಿ ಲಿಂಗನಮಕ್ಕಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಕೆಳಗಿಳಿದು ಕರೆಂಟಾಗಿ, ಮತ್ತೆ ಗೇರುಸೊಪ್ಪೆಯಲ್ಲಿ ಟರ್ಬೈನ್ ತಿರುಗಿಸುತ್ತದಲ್ಲ, ಇಲ್ಲೂ ಹಾಗೆಯೇ. ಮೇಲಿನ ರಾನಕ್, ಟಮಲ್ ಸರೋವರಗಳ ನೀರು ಒಂದರ ಕೆಳಗೊಂದು ಪವರ್ ಹೌಸ್ ದಾಟಿಕೊಂಡು ಬರುತ್ತದೆ. ಆ ಸಾಲಿನಲ್ಲಿ ಕೊನೆಯದು ಪಿಟ್ಲಾಕ್ರಿ. ಮೇಲಿನ ಕ್ಲೂನಿ ಪವರ್ ಹೌಸಿನಿಂದ ನೀರು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಬರುತ್ತದೆ. ಅದನ್ನು ಇಲ್ಲಿ ಹಿಡಿದಿಟ್ಟು, ಕೆಳಗಿನ ನದಿ ಒಂದೇ ಹದದಲ್ಲಿ ಹರಿಯುವಂತೆ ಬಿಡುತ್ತಾರೆ.

ಅಣೆಕಟ್ಟಿನ ಪಕ್ಕದಲ್ಲೇ 2017ರಲ್ಲಿ ನೋಡುಗರಿಗಾಗಿ ಒಂದು ಕೇಂದ್ರ ಕಟ್ಟಿದ್ದಾರೆ. ಒಳಗೆ ಹೋಗಲು ಟಿಕೆಟ್ಟಿಲ್ಲ. ಗಾಜಿನ ಗೋಡೆ, ನದಿಯ ಕಡೆ ಚಾಚಿದ ಜಗಲಿ. ಅಲ್ಲಿ ನಿಂತರೆ ಅಣೆಕಟ್ಟು, ಪವರ್ ಹೌಸು, ಕೆಳಗಿನ ಹೊಳೆ ಎಲ್ಲ ಒಟ್ಟಿಗೇ ಕಾಣುತ್ತವೆ. ನೀರಿನಿಂದ ಕರೆಂಟು ಹೇಗೆ ಬರುತ್ತದೆ ಅನ್ನುವುದನ್ನು ಮಕ್ಕಳಿಗೆ ತಿಳಿಯುವ ಹಾಗೆ ಹೇಳಿದ್ದಾರೆ. ಅದು ಎಲ್ಲ ಕಡೆಯೂ ಇರುವಂಥದ್ದೇ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಮೀನಿನ ಏಣಿಯ ವಿಷಯ.

ಈ ಹೊಳೆಯಲ್ಲಿ ಸಾಲ್ಮನ್ ಅನ್ನುವ ಮೀನಿದೆ. ಹುಟ್ಟುವುದು ಮೇಲಿನ ತೊರೆಗಳ ಜಲ್ಲಿಕಲ್ಲಿನ ನಡುವೆ. ಸ್ವಲ್ಪ ದೊಡ್ಡದಾದ ಮೇಲೆ ಹೊಳೆ ಇಳಿದು ಸಮುದ್ರ ಸೇರುತ್ತದೆ, ಗ್ರೀನ್‌ಲ್ಯಾಂಡಿನ ತನಕವೂ ಹೋಗುತ್ತದೆ. ಒಂದೆರಡು ವರ್ಷ ಅಲ್ಲಿ ತಿಂದು ಬಲಿತು, ಮೊಟ್ಟೆ ಇಡುವ ಹೊತ್ತಿಗೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ವಾಪಸ್ ಬರುತ್ತದೆ. ಸಿಹಿನೀರಿಗೆ ಕಾಲಿಟ್ಟ ಮೇಲೆ ಊಟವನ್ನೂ ಬಿಡುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಲ್ಲೇ ಹತ್ತುತ್ತದೆ. ಅಂಥ ಮೀನಿಗೆ ಅಡ್ಡವಾಗಿ ಗೋಡೆ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು ಹೇಳು?

ಅದಕ್ಕೆ ಅಣೆಕಟ್ಟಿನ ಒಂದು ಮಗ್ಗುಲಲ್ಲಿ ಕಾಂಕ್ರೀಟಿನ ತೊಟ್ಟಿಗಳನ್ನು ಸಾಲಾಗಿ ಕಟ್ಟಿದ್ದಾರೆ. ಒಟ್ಟು 34 ತೊಟ್ಟಿ, ಉದ್ದ 310 ಮೀಟರ್. ಒಂದೊಂದೂ ಕೆಳಗಿನದಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರ. ಮೇಲಿನಿಂದ ಸದಾ ನೀರು ಬಿಟ್ಟಿರುತ್ತಾರೆ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರಿನಡಿಯಲ್ಲೇ ಕಿಂಡಿ ಇದೆ, ಹಾಗಾಗಿ ಮೀನು ಹಾರಬೇಕಾಗಿಲ್ಲ. ಸೆಳವಿಗೆ ಎದುರಾಗಿ ಈಜುವುದು ಅದಕ್ಕೆ ಹುಟ್ಟುಗುಣ. ಕಿಂಡಿಯಲ್ಲಿ ನುಗ್ಗಿ ಮೇಲಿನ ತೊಟ್ಟಿಗೆ ಬಂತು, ಅಲ್ಲಿಂದ ಇನ್ನೊಂದಕ್ಕೆ. ನಡುವೆ ಮೂರು ತೊಟ್ಟಿಗಳನ್ನು ಬೇಕೆಂದೇ ದೊಡ್ಡದಾಗಿ ಮಾಡಿದ್ದಾರೆ, ದಣಿದ ಮೀನು ಅಲ್ಲಿ ನಿಂತು ಸುಧಾರಿಸಿಕೊಳ್ಳಲಿ ಅಂತ.

ಆ ದೊಡ್ಡ ತೊಟ್ಟಿಯೊಂದರ ಹತ್ತಿರ ಕಟಕಟೆ ಹಿಡಿದು ತುಂಬ ಹೊತ್ತು ನಿಂತಿದ್ದೆ. ನೀರು ಚಹಾ ಡಿಕಾಕ್ಷನ್ನಿನ ಬಣ್ಣ. ಆ ಬೆಟ್ಟಗಳ ಜೌಗು ಮಣ್ಣಿನಿಂದ ಬರುವ ಬಣ್ಣ ಅದು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಯ ನೆರಳಿನಲ್ಲಿ ಒಂದು ಬೆನ್ನು ಕಂಡಿತು, ನನ್ನ ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ದೊಡ್ಡದು. ಬಾಲ ಮಾತ್ರ ನಿಧಾನಕ್ಕೆ ಅಲ್ಲಾಡುತ್ತಿತ್ತು. ಮಗಳು "ಅಪ್ಪಾ, ಮೇಲೆ ಹೋಗತ್ತಾ?" ಅಂತ ಪಿಸುಗುಟ್ಟಿದಳು. ಹೋಯಿತು ಕಣೋ! ಒಂದೇ ಸಲಕ್ಕೆ ಕಿಂಡಿಗೆ ನುಗ್ಗಿ ಮಾಯ. ಮಗಳು ಮೇಲಿನ ತೊಟ್ಟಿಯ ಹತ್ತಿರ ಓಡಿದಳು, ನಾನೂ ಹಿಂದೆಯೇ ಓಡಿದೆ. ಅಷ್ಟು ಖುಷಿಯಾಯಿತು.

ಈ ಏಣಿ ಸುಮ್ನೆ ಬಂದದ್ದಲ್ಲ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಇಲ್ಲಿ ಜಲವಿದ್ಯುತ್ತಿಗಾಗಿ ಒಂದು ಕಾಯಿದೆ ಬಂತು. ಅದರ ಹಿಂದೆ ನಿಂತವರು ಟಾಮ್ ಜಾನ್ಸ್ಟನ್, ಆಗ ಸ್ಕಾಟ್ಲೆಂಡಿನ ಹೊಣೆ ಹೊತ್ತಿದ್ದ ಮಂತ್ರಿ. ಬೆಟ್ಟದ ಹಳ್ಳಿಗಳಲ್ಲಿ ಕರೆಂಟಿಲ್ಲ, ಕೆಲಸವಿಲ್ಲ, ಜನ ಊರು ಬಿಡುತ್ತಿದ್ದಾರೆ ಅನ್ನುವ ಸಂಕಟ ಅವರದು. ದಕ್ಷಿಣದ ಪಟ್ಟಣಗಳಿಗೆ ಕರೆಂಟು ಮಾರಿ ಬಂದ ಲಾಭದಲ್ಲಿ ದೂರದ ಬೆಟ್ಟದ ಮನೆಗಳಿಗೆ ಲೈನು ಎಳೆಯಬೇಕು ಅನ್ನುವ ಆಲೋಚನೆ ಆ ವ್ಯವಸ್ಥೆಯಲ್ಲೇ ಇತ್ತು. ಮೀನಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆಯೂ ಬಂತು. ಪಿಟ್ಲಾಕ್ರಿಯ ಜನ ಮಾತ್ರ ಮೊದಲಿಗೆ ಒಪ್ಪಲಿಲ್ಲ. ಪ್ರವಾಸಿಗರನ್ನು ನಂಬಿದ ಊರು, ಹೊಳೆ ಹಾಳಾದರೆ ಊರೇ ಹಾಳು ಅಂತ ಗಟ್ಟಿಯಾಗಿ ವಿರೋಧಿಸಿದರು. 1945ರಲ್ಲಿ ಈ ಯೋಜನೆಯ ಬಗ್ಗೆ ಬಹಿರಂಗ ವಿಚಾರಣೆಯೇ ನಡೆಯಿತು. ವಿಚಾರಣೆ ಮುಗಿದ ಮೇಲೆ 1947ರಲ್ಲಿ ಕೆಲಸ ಶುರುವಾಗಿ 1951ಕ್ಕೆ ಮುಗಿಯಿತು. ಇವತ್ತು ಊರಿಗೆ ಬರುವವರಲ್ಲಿ ಎಷ್ಟೋ ಜನ ಈ ಏಣಿ ನೋಡಲೆಂದೇ ಬರುತ್ತಾರೆ.

ಸತ್ತವರನ್ನೂ ಇವರು ಮರೆತಿಲ್ಲ. ಮೇಲಿನ ಕ್ಲೂನಿ ಪವರ್ ಹೌಸಿಗೆ ಹೋಗುವ ಸುರಂಗ ಕೊರೆಯುವಾಗ ಐದು ಜನ ತೀರಿಕೊಂಡರು. ಅವರ ನೆನಪಿಗೆ ಅಲ್ಲಿ ಕಾಂಕ್ರೀಟಿನ ಒಂದು ಕಮಾನು ನಿಲ್ಲಿಸಿದ್ದಾರೆ. ಸುರಂಗದ ಬಾಯಿ ಎಷ್ಟು ದೊಡ್ಡದೋ, ಯಾವ ಆಕಾರವೋ, ಕಮಾನೂ ಅಷ್ಟೇ, ಅದೇ ಆಕಾರ. ಅದರಡಿ ನಿಂತವರಿಗೆ ಆ ಜನ ಎಂಥ ಜಾಗದಲ್ಲಿ ದುಡಿದರು ಅನ್ನುವುದು ತಾನಾಗಿ ತಿಳಿಯುತ್ತದೆ. ಇದು ನನಗೆ ತುಂಬ ಹಿಡಿಸಿತು.

ಏಣಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತಲ್ಲ. ಸಾಲ್ಮನ್ ಸಂಖ್ಯೆ ಇಳಿಯುತ್ತಲೇ ಇದೆ. 2023ರ ಕೊನೆಯಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. ಇನ್ನು ಲಿಂಗನಮಕ್ಕಿಗೆ ಏಣಿ ಕಟ್ಟಿ ಅಂದರೆ ಅರ್ಥವಿಲ್ಲ, ಗೊತ್ತು. ಕೆಳಗೆ ಜೋಗ ಇರುವಾಗ ಯಾವ ಮೀನು ತಾನೇ ಹತ್ತಿ ಬಂದೀತು? ಕಾವೇರಿಯ ಬಿಳಿಮೀನಿನ ಕತೆ ಬೇರೆ. ಆ ದೊಡ್ಡ ಮಹಶೀರ್ ಈಗ ತೀರಾ ಅಪಾಯದ ಪಟ್ಟಿಯಲ್ಲಿದೆ. ಅದರ ಹೊಳೆಗೆ ಅಡ್ಡ ಕಟ್ಟುವಾಗಲೆಲ್ಲ ಯಾರಾದರೂ ಅದರ ದಾರಿಯನ್ನೂ ಕೇಳಬೇಕಿತ್ತು.

ಆದರೆ ಅಲ್ಲಿ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಮೀನಲ್ಲ, ನಿನ್ನ ಅಮ್ಮ. "ಗದ್ದೆ ನೀರೊಳಗೆ ಹೋಯ್ತು, ತೋಟ ನೀರೊಳಗೆ ಹೋಯ್ತು, ಕರೆಂಟು ಮಾತ್ರ ನಮ್ಮನೆಗೆ ಬರ್ಲೇ ಇಲ್ಲ" ಅನ್ನುತ್ತಿದ್ದರಲ್ಲ, ಆ ಮಾತು. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಎಷ್ಟು ಊರಿನವರು ಗಂಟುಮೂಟೆ ಕಟ್ಟಿ ಹೊರಟರು! ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದವರೆಗೂ ಓಡಾಡಿದರು. ಹೊಳೆ ದಾಟಲು ಲಾಂಚೇ ಗತಿಯಾಗಿತ್ತು. ಕಳಸವಳ್ಳಿಯ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಜೋಗಕ್ಕೆ ಬಂದು ಫೋಟೋ ತೆಗೆಸಿಕೊಂಡು ಹೋಗುವ ಲಕ್ಷಾಂತರ ಜನರಿಗೆ ಇದು ಎಲ್ಲಿ ತಿಳಿಯಬೇಕು?

ನಮ್ಮಲ್ಲೂ ಪಿಟ್ಲಾಕ್ರಿಯ ಆ ಕೇಂದ್ರದಂಥದ್ದೊಂದು ಮನೆ ಬೇಕು ಗಣಪತಿ. ಟರ್ಬೈನ್ ಹೇಗೆ ತಿರುಗುತ್ತದೆ ಅನ್ನುವುದೂ ಅಲ್ಲಿರಲಿ, ಅದು ಕಡಿಮೆ ಸಾಧನೆಯಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ನಾಡು ನಮ್ಮದು. ಅದರ ಜೊತೆಗೆ ಮಡೆನೂರಿನ ಅಣೆಕಟ್ಟಿನ ಕತೆಯೂ ಇರಲಿ. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಮಾತ್ರ ಮೇಲೇಳುವ ಅಣೆಕಟ್ಟು ಜಗತ್ತಿನಲ್ಲಿ ಎಷ್ಟಿದ್ದಾವು? ಒಂದು ಇಡೀ ಗೋಡೆಯ ತುಂಬ ಮುಳುಗಿದ ಊರುಗಳ ಹೆಸರಿರಲಿ. ಯಾವ ಕೇರಿಯಲ್ಲಿ ಯಾರ ಮನೆ, ಯಾರ ಗದ್ದೆ, ದೇವರನ್ನು ಎಲ್ಲಿಗೆ ಒಯ್ದರು, ಯಾವ ಊರಿನವರು ಎಲ್ಲಿಗೆ ಹೋಗಿ ನೆಲೆಸಿದರು, ಎಲ್ಲ ಇರಲಿ. ಅಮ್ಮನ ಕಾಲದವರು ತಮ್ಮ ದನಿಯಲ್ಲೇ ಹೇಳಿದ್ದನ್ನು ಬಂದವರು ಕೇಳುವಂತಿರಲಿ.

ಆದರೆ ಕಟ್ಟಡ ಯಾವಾಗ ಬೇಕಾದರೂ ಕಟ್ಟಬಹುದು. ಹೇಳುವವರು ಹೋಗಿಬಿಟ್ಟರೆ ಒಳಗೆ ಇಡುವುದಕ್ಕೆ ಏನೂ ಇರುವುದಿಲ್ಲ. ಅದಕ್ಕೇ ನಿನಗೊಂದು ಕೆಲಸ ಹೇಳುತ್ತಿದ್ದೇನೆ. ಈ ಭಾನುವಾರ ಅಮ್ಮನ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡು. ಹಳೆ ಮನೆಯಿಂದ ಹೊಳೆಯವರೆಗೆ ದಾರಿಯಲ್ಲಿ ಏನೇನಿತ್ತು ಅಂತ ಕೇಳು, ಅಷ್ಟು ಕೇಳಿದರೆ ಸಾಕು, ಉಳಿದದ್ದು ಅವರೇ ಹೇಳುತ್ತಾರೆ. ಆಮೇಲೆ ಪಕ್ಕದ ಮನೆ ಅಜ್ಜನನ್ನೂ ಕೇಳು. ನಾನು ಇಲ್ಲಿಂದ ಎಲ್ಲವನ್ನೂ ಬರೆದು, ಊರೂರಿನ ಪ್ರಕಾರ ಹೊಂದಿಸಿ ಇಡುತ್ತೇನೆ. ಡಿಸೆಂಬರಿನಲ್ಲಿ ಬಂದಾಗ ಇಬ್ಬರೂ ಸೇರಿ ತುಮರಿ ಕಡೆ ಹೋಗೋಣ, ಅಲ್ಲಿ ಇನ್ನೂ ಯಾರ್‍ಯಾರು ಸಿಗುತ್ತಾರೋ ಈಗಲೇ ವಿಚಾರಿಸಿ ಇಡು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಸುರೇಶ